ಹೊಟ್ಟೆಯ ಮೇಲೆ ಗಡಿಯಾರ

ನಮ್ಮ ಮನೆಯಿಂದ ಒಬ್ಬರು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವರು ನಮ್ಮ ಅಜ್ಜಿ. ಬೇರೆಯವರೂ ಹೇಳಿರಬಹುದು, ಆದರೆ ಅವರೆಲ್ಲ ಬೆನ್ನ ಹಿಂದೆ ಹೇಳಿದರು. ಅಜ್ಜಿ ನನ್ನ ಎದುರಿಗೇ, ಕಾಫಿ ಸೋಸುತ್ತಾ ಹೇಳಿದರು, ಕಾರಣವನ್ನೂ ಕೊಟ್ಟರು. ಹುಡುಗಿ ಎಂಬುದು ಕಾರಣವಲ್ಲ. ನನ್ನ ತಲೆಯ ಬಗ್ಗೆ ಅವರಿಗೆ ಅನುಮಾನವೂ ಇರಲಿಲ್ಲ. ಅವರ ತಕರಾರು ಇದ್ದದ್ದು ನನ್ನ ಹೊಟ್ಟೆಯ ಮೇಲೆ.

"ನಿಂಗೆ ಬೆಳಿಗ್ಗೆ ಎಂಟಾಗದೆ ಹೊರಕಡೆಗೆ ಬರಲ್ಲ. ಬಸ್ಸು ಬರೋದು ಆರೂವರೆಗೆ. ಮೂರು ವರ್ಷ ಹೆಂಗೆ ತಡ್ಕಂತೀಯ?"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆ ಆಲ್ದೂರಿನ ಆಚೆ, ರಸ್ತೆಯ ಮಗ್ಗುಲಲ್ಲೇ. ಹಿಂದೆ ಎರಡು ಎಕರೆ ಕಾಫಿ. ಅಪ್ಪ ನಾಲ್ಕನೇ ಕ್ಲಾಸು, ಅವ್ವ ಏಳು, ಅಜ್ಜಿ ಹೆಬ್ಬೆಟ್ಟು. ನನಗೆ ಬಿ.ಎಸ್ಸಿ. ಸೀಟು ಸಿಕ್ಕಿದ್ದು ಚಿಕ್ಕಮಗಳೂರಿನ ಕಾಲೇಜಿನಲ್ಲಿ. ಆರೂವರೆಯ ಬಸ್ಸು ತಪ್ಪಿದರೆ ಮುಂದಿನದು ಎಂಟೂಮುಕ್ಕಾಲಿಗೆ, ಅದರಲ್ಲಿ ಹೋದರೆ ಮೊದಲ ಎರಡು ಪಾಠ ಹೋದ ಹಾಗೆಯೇ. ನನ್ನ ಹೊಟ್ಟೆಯೋ, ಎರಡನೇ ಲೋಟ ಕಾಫಿ ಕುಡಿದು, ಹಿತ್ತಿಲಲ್ಲಿ ಒಂದು ಸುತ್ತು ಹಾಕಿ, ಎಂಟು ಗಂಟೆಗೆ ನಿಧಾನವಾಗಿ ಮನಸ್ಸು ಮಾಡುವಂಥದ್ದು. ಅದು ಮನಸ್ಸು ಮಾಡುವ ಹೊತ್ತಿಗೆ ನಾನು ಕಾಲೇಜಿನ ಮೆಟ್ಟಿಲ ಮೇಲೆ ಇರುತ್ತಿದ್ದೆ. ಅಲ್ಲಿನ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು. ಸಂಜೆ ಮನೆಗೆ ಬರುವಷ್ಟರಲ್ಲಿ ಹೊಟ್ಟೆ ಆ ವಿಷಯ ಮರೆತಿರುತ್ತಿತ್ತು. ಒಂದು ದಿನ ಎರಡಾಗುತ್ತಿತ್ತು, ಎರಡು ನಾಲ್ಕಾಗುತ್ತಿತ್ತು.

ಮದ್ದು ಮಾಡದೆ ಇರಲಿಲ್ಲ. ಪರಂಗಿ ಹಣ್ಣು, ನೆನೆಸಿದ ಒಣದ್ರಾಕ್ಷಿ, ಬಸಳೆ ಸೊಪ್ಪಿನ ಸಾರು, ಎಲ್ಲ ಆಯಿತು. ಆಲ್ದೂರಿನ ಡಾಕ್ಟರು ನೀರು ಕುಡಿ, ಸೊಪ್ಪು ತಿನ್ನು, ಬಂದಾಗ ತಡೆಯಬೇಡ ಎಂದರು. ಒಳ್ಳೆಯ ಮಾತೇ. ಆದರೆ ಬಸ್ಸಿನ ವೇಳೆ ಬದಲಿಸುವ ಮಾತ್ರೆ ಅವರ ಹತ್ತಿರವೂ ಇರಲಿಲ್ಲ.

ಎರಡನೇ ವರ್ಷದ ಪರೀಕ್ಷೆಯ ಹಿಂದಿನ ದಿನ ಅಜ್ಜಿ ಹರಳೆಣ್ಣೆ ಕುಡಿಸಿದರು. ಹರಳೆಣ್ಣೆ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಮಾಡಿದ್ದು ಮಾತ್ರ ಮರುದಿನ ಬೆಳಿಗ್ಗೆ, ವಸ್ತಾರೆಯಲ್ಲಿ, ಬಸ್ಸಿನೊಳಗೆ ನಾನು ನಿಂತಿರುವಾಗ. ಇಳಿದು ಕಣ್ಣಿಗೆ ಬಿದ್ದ ಮೊದಲ ಮನೆಗೆ ಓಡಿದೆ. ಆ ಮನೆಯ ಹೆಂಗಸು ನನ್ನ ಮುಖ ನೋಡಿದವಳೇ ಒಂದು ಪ್ರಶ್ನೆಯನ್ನೂ ಕೇಳದೆ ಹಿತ್ತಿಲ ಬಾಗಿಲು ತೆಗೆದಳು. ನಾಲ್ಕು ಸಲ ತೆಗೆದಳು. ಆಮೇಲೆ ಕಾಫಿ ಕೊಟ್ಟಳು. ಅಷ್ಟರಲ್ಲಿ ಚಿಕ್ಕಮಗಳೂರಿನಲ್ಲಿ ಪ್ರಶ್ನೆಪತ್ರಿಕೆ ಹಂಚಿ ಮುಗಿದಿತ್ತು.

ಆ ಪೇಪರನ್ನು ಮೂರನೇ ವರ್ಷದಲ್ಲಿ ಮತ್ತೆ ಬರೆದು ಪಾಸು ಮಾಡಿಕೊಂಡೆ. ಉಳಿದದ್ದು ಕೊನೆಯ ಸೆಮಿಸ್ಟರ್. ಇದರಲ್ಲಿ ಒಂದು ಪೇಪರು ಹೋದರೂ ಮತ್ತೊಂದು ವರ್ಷ ಬೇಕು, ಆ ವರ್ಷ ನನಗೆ ಇರಲಿಲ್ಲ. ಅವ್ವನ ಬೆನ್ನು ಬಗ್ಗುತ್ತಿರಲಿಲ್ಲ, ತೋಟಕ್ಕೆ ನನ್ನ ಕೈ ಬೇಕಿತ್ತು. ಅಪ್ಪ ಮೊದಲೇ ಹೇಳಿದ್ದರು: "ಮೂರು ವರ್ಷ ಅಂದಿದ್ದೀನಿ, ಮೂರು ವರ್ಷ ಕಳಿಸ್ತೀನಿ. ನಾಲ್ಕನೇದು ಕೇಳ್ಬೇಡ ಮಗ." ಗದರಿ ಹೇಳಿದ್ದಲ್ಲ. ಗದರಿದ್ದರೆ ಜಗಳ ಆಡಬಹುದಿತ್ತು.

ಸೋಮವಾರ ಕೆಮಿಸ್ಟ್ರಿ ಪರೀಕ್ಷೆ. ಬುಧವಾರಕ್ಕೆ ನನ್ನ ಹೊಟ್ಟೆ ಕಟ್ಟಿ ಐದು ದಿನವಾಗಿತ್ತು. ಪುಸ್ತಕ ಹಿಡಿದು ಕೂತರೆ ಒದ್ದು ತುಂಬಿದ ಗೋಣಿಚೀಲವನ್ನು ಕುರ್ಚಿಯ ಮೇಲೆ ಕೂರಿಸಿದ ಹಾಗೆ ಇರುತ್ತಿದ್ದೆ. ಒಂದು ಪುಟವೂ ತಲೆಗೆ ಹೋಗುತ್ತಿರಲಿಲ್ಲ. ಒಳಗಿರುವುದು ಜಾಗ ಬಿಡದೆ ಓದಿದ್ದು ಎಲ್ಲಿ ಕೂರಬೇಕು ಎಂದು ಅಜ್ಜಿ ಅವ್ವನಿಗೆ ಹೇಳುವುದು ಕೇಳಿಸುತ್ತಿತ್ತು. ಹರಳೆಣ್ಣೆಯ ಬಾಟಲಿಯನ್ನು ಅಪ್ಪ ಗೊಬ್ಬರದ ಕೋಣೆಗೆ ಹಾಕಿ ಬೀಗ ಹಾಕಿದ್ದರು.

ಆ ದಿನ ಸಂಜೆ ದೊಡ್ಡಪ್ಪನ ಮಗಳು ಬಂದಳು. ಅಕ್ಕ ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯಲ್ಲಿ, ಬಂದವರ ಮೈಕೈಗೆ ಎಣ್ಣೆ ತಿಕ್ಕುವ ಕೆಲಸದಲ್ಲಿದ್ದಾಳೆ. ಬೆರಳುದ್ದದ ಎರಡು ಶೀಶೆ ತಂದಿದ್ದಳು, ಒಂದು ಶುಂಠಿಯದು, ಇನ್ನೊಂದು ಪೆಪ್ಪರ್ಮಿಂಟಿನದು. ಎಸೆನ್ಶಿಯಲ್ ಆಯಿಲ್. ಎರಡು ಚಮಚ ಕೊಬ್ಬರಿ ಎಣ್ಣೆಗೆ ಐದು ತೊಟ್ಟು, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ನಿಧಾನವಾಗಿ ಉಜ್ಜಬೇಕು, ಕುಡಿಯಲಿಕ್ಕೆ ಮಾತ್ರ ಅಲ್ಲವೇ ಅಲ್ಲ ಎಂದು ಎರಡೆರಡು ಸಲ ಹೇಳಿ, ಕಾಫಿ ಕುಡಿದು ಹೋದಳು.

ಅವಳು ಹೋದ ಮೇಲೆ ನಾನು ಮನೆಯವರಿಗೆ ಪಾಠ ಮಾಡಿದೆ. ಇದು ಒಗ್ಗರಣೆ ಹಾಕುವ ಎಣ್ಣೆಯಂಥದ್ದಲ್ಲ, ಗಿಡದ ಸಾರವನ್ನು ಆವಿ ಮಾಡಿ ಇಳಿಸಿದ್ದು ಎಂದು ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ತೋರಿಸಿದೆ. ಅಜ್ಜಿ ಶೀಶೆಯನ್ನು ಬೆಳಕಿಗೆ ಹಿಡಿದು, ಹಾಗಾದರೆ ಇಷ್ಟಕ್ಕೆ ಎಷ್ಟು ಶುಂಠಿ ಬೇಕು ಎಂದು ಕೇಳಿದರು. ರಾಶಿ ಬೇಕು ಎಂದೆ, ಆ ರಾಶಿಯನ್ನು ನಾನೇ ಹೊತ್ತು ತಂದ ಹಾಗೆ. ಅವರು ಶೀಶೆಯನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಡುವ ಹಾಗೆ, ಕಿಟಕಿಯಲ್ಲಿಟ್ಟರು. ಅವರಿಗೆ ಅರ್ಥವಾಗಿತ್ತು. ಪಾಠ ಮಾಡಿದವಳಿಗೆ ಆಗಿರಲಿಲ್ಲ.

ಐದು ದಿನದ ಕೇಸಿಗೆ ಐದು ತೊಟ್ಟು ಯಾವ ಮೂಲೆಗೆ ಎಂದುಕೊಂಡು, ಕೋಣೆಯ ಬಾಗಿಲು ಹಾಕಿ, ಪೆಪ್ಪರ್ಮಿಂಟಿನ ಶೀಶೆಯಲ್ಲಿ ಅರ್ಧವನ್ನು ಕೊಬ್ಬರಿ ಎಣ್ಣೆಯ ಸುದ್ದಿಯೇ ಇಲ್ಲದೆ ಹೊಟ್ಟೆಗೆ ಸುರಿದು ತಿಕ್ಕಿದೆ. ಮೊದಲು ತಣ್ಣಗಾಯಿತು. ಆಹಾ ಎನ್ನುವಷ್ಟರಲ್ಲಿ ಇನ್ನೂ ತಣ್ಣಗಾಯಿತು. ಆಮೇಲೆ ಆ ತಂಪೇ ಉರಿಯಾಗಿ, ಹೊಟ್ಟೆಯ ಮೇಲೆ ಯಾರೋ ಕೆಂಡ ಹರಡಿದ ಹಾಗಾಯಿತು. ಬಚ್ಚಲಿಗೆ ಓಡಿ ನೀರು ಸುರಿದುಕೊಂಡೆ. ಉರಿ ಇಳಿಯಲಿಲ್ಲ.

ನಮ್ಮ ಅಪ್ಪ ಸುತ್ತಲಿನ ಎಸ್ಟೇಟುಗಳಲ್ಲಿ ಔಷಧಿ ಹೊಡೆಸುವ ಮೇಸ್ತ್ರಿ. ಮಳೆಗೆ ಮುಂಚೆ ಕಾಫಿ ಗಿಡಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಹೊಡೆಯುವ ಕಾಲ ಅದು. ಆಗ ತಾನೇ ಬಂದು, ಕೈಯೆಲ್ಲ ನೀಲಿ ಮಾಡಿಕೊಂಡು, ಬಚ್ಚಲ ಬಾಗಿಲ ಆಚೆ ನಿಂತು ವಿಷಯ ಕೇಳಿದರು.

"ಎಷ್ಟಕ್ಕೆ ಎಷ್ಟು ಹಾಕ್ದೆ?"

ಹಾಗೇ ಹಚ್ಚಿದೆ ಎಂದೆ.

"ಹಂಗೇ ಹೊಡುದ್ರೆ ಎಲೆ ಸುಡುತ್ತೆ ಅಂತ ಬಿಎಸ್ಸಿಲಿ ಹೇಳ್ಕೊಡಲ್ವ?"

ಹೇಳಿಕೊಡುತ್ತಾರೆ. ದ್ರಾವಣ ತೆಳುಮಾಡುವ ಪ್ರಾಕ್ಟಿಕಲ್ಲಿನಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಅದನ್ನು ಆ ಹೊತ್ತಿನಲ್ಲಿ ಹೇಳಬೇಕೆನಿಸಲಿಲ್ಲ. ನೀರಿಗೆ ಇದು ಜಗ್ಗುವುದಿಲ್ಲ, ಎಣ್ಣೆಗೆ ಎಣ್ಣೆಯೇ ಬೇಕು ಎಂದು ಅಪ್ಪ ಹೇಳಿದ ಮೇಲೆ ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆದಳು.

ಮರುದಿನದಿಂದ ನನ್ನ ಹೊಟ್ಟೆಯ ಉಸ್ತುವಾರಿ ಅಪ್ಪನದಾಯಿತು. ಬ್ಯಾರೆಲ್ಲಿನಲ್ಲಿ ಬೋರ್ಡೋ ಕಲಸಿದ ಮೇಲೆ ಅವರು ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರ ಕೆಂಪಗೆ ಕೂತರೆ ಸುಣ್ಣ ಸಾಲದು ಎಂದರ್ಥ, ಆ ಬ್ಯಾರೆಲ್ಲನ್ನು ಗಿಡದ ಹತ್ತಿರ ಬಿಡುವುದಿಲ್ಲ. ಈ ಎಣ್ಣೆಗೆ ಕತ್ತಿ ನಡೆಯುವುದಿಲ್ಲವಲ್ಲ, ಅದಕ್ಕೆ ತಮ್ಮ ತೋಳನ್ನೇ ಕೊಟ್ಟರು. ಕೆಮ್ಮಿನ ಔಷಧಿಯ ಮುಚ್ಚಳ ತೊಳೆದು, ಕೊಬ್ಬರಿ ಎಣ್ಣೆ ಅಳೆದು, ಶುಂಠಿಯ ಶೀಶೆಯಿಂದ ಅಕ್ಕ ಹೇಳಿದ್ದಕ್ಕಿಂತ ಎರಡು ತೊಟ್ಟು ಕಡಿಮೆಯೇ ಹಾಕಿ, ಒಳತೋಳಿಗೆ ಹಚ್ಚಿಕೊಂಡು ಒಂದು ದಿನ ಕಾದರು. ಹೊಸ ಔಷಧಿ ಬಂದರೆ ಮೊದಲು ಒಂದು ಗಿಡಕ್ಕೆ ಹೊಡೆದು ನೋಡುವುದು ಅವರ ಪದ್ಧತಿ. ತೋಳಿಗೆ ಏನೂ ಆಗಲಿಲ್ಲ. ನನ್ನ ಚರ್ಮದ ಕೆಂಪೂ ಇಳಿದಿತ್ತು. ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು.

ಉಜ್ಜುವವರು ಅಜ್ಜಿ. ಕೇರಿಯ ಬಾಣಂತಿಯರಿಗೂ ಮಕ್ಕಳಿಗೂ ಎಣ್ಣೆ ತಿಕ್ಕಿದ ಕೈ ಅದು. ತೊಂದರೆಯಾದದ್ದು ಗಡಿಯಾರದ್ದು. ಅಜ್ಜಿ ಹೊತ್ತು ತಿಳಿಯುವುದು ಬಸ್ಸಿನ ಹಾರ್ನಿನಿಂದ. ಮುಳ್ಳು ಯಾವ ಕಡೆಗೆ ತಿರುಗಿದರೂ ಅವರಿಗೆ ಒಂದೇ. ಅಪ್ಪ ಮಾತಿನಲ್ಲಿ ವಿವರಿಸಿ ಸೋತು, ಗೊಬ್ಬರದ ಅಂಗಡಿಯವರು ಕೊಟ್ಟಿದ್ದ ಗಡಿಯಾರವನ್ನು ಗೋಡೆಯಿಂದ ಇಳಿಸಿ, ಮಲಗಿದ್ದ ನನ್ನ ಎದೆಯ ಮೇಲೆ ಮುಖ ಮೇಲೆ ಮಾಡಿ ಇಟ್ಟರು. ಅಜ್ಜಿ ಗಡಿಯಾರವನ್ನೇ ನೋಡುತ್ತಾ ಹೊಕ್ಕುಳ ಪಕ್ಕ ಕೈಯಿಟ್ಟರು. ಇಟ್ಟ ಕೈ ಇಟ್ಟಲ್ಲೇ ಇತ್ತು. ಅವರು ಅನುಸರಿಸುತ್ತಿದ್ದದ್ದು ದೊಡ್ಡ ಮುಳ್ಳನ್ನು.

"ಇದು ನಡೀತಾನೇ ಇಲ್ವಲ್ಲೋ," ಎಂದರು ಅಪ್ಪನಿಗೆ. "ಹಿಂಗಾದ್ರೆ ಮಧ್ಯಾಹ್ನ ಆಗ್ತದೆ."

ಅಪ್ಪ ಸೆಕೆಂಡಿನ ಮುಳ್ಳು ತೋರಿಸಿದರು. ಆಮೇಲೆ ಅಜ್ಜಿಯ ಕೈ ನಿಮಿಷಕ್ಕೆ ಒಂದು ಸುತ್ತು, ಒಂದೇ ಹದದಲ್ಲಿ, ತಿರುಗತೊಡಗಿತು. ಮನೆಯೆಲ್ಲ ಶುಂಠಿ ಕಷಾಯದ ವಾಸನೆ. ನನಗೆ ನಗು ತಡೆಯಲಾಗದೆ ಹೊಟ್ಟೆ ಕುಲುಕಿದರೆ ಗಡಿಯಾರ ಜಾರುತ್ತಿತ್ತು, ಅಜ್ಜಿ ಲೆಕ್ಕ ತಪ್ಪಿತು ಎಂದು ಬಯ್ಯುತ್ತಿದ್ದರು.

ಅದರ ಜೊತೆಗೆ ಅಪ್ಪ ಇನ್ನೊಂದು ಕಾನೂನು ಮಾಡಿದರು. ಬೆಳಿಗ್ಗೆ ಐದೂವರೆಯಿಂದ ಆರೂಕಾಲಿನವರೆಗೆ ಕಕ್ಕಸು ನನ್ನೊಬ್ಬಳದು, ಯಾರೂ ಬಾಗಿಲು ಬಡಿಯಕೂಡದು, ಬಂದರೂ ಬಾರದಿದ್ದರೂ ನಾನು ಹೋಗಿ ಕೂರಬೇಕು, ಎಸ್ಟೇಟಿನ ಹಾಜರಿಯ ಹಾಗೆ. ಕಕ್ಕಸು ಕಟ್ಟಿದ ದಿನದಿಂದ ಮೊದಲ ಸರದಿ ಅಜ್ಜಿಯದು. ಅದನ್ನು ಅವರು ತಾವಾಗಿಯೇ ಬಿಟ್ಟುಕೊಟ್ಟರು. ಆಗದ ಮಾತು ಎಂದವರೂ ಅವರೇ ಎಂಬುದು ಆ ಹೊತ್ತಿಗೆ ನನಗೆ ನೆನಪಿಗೆ ಬಂತು, ಅವರಿಗೆ ಬಂದ ಹಾಗೆ ಕಾಣಲಿಲ್ಲ.

ಶನಿವಾರ ಏನೂ ಇಲ್ಲ. ಭಾನುವಾರ ಹೇಳಿಕೊಳ್ಳುವಂಥದ್ದು ಇಲ್ಲ. ಸೋಮವಾರ ಐದಕ್ಕೆ ಎದ್ದು ಬಿಸಿನೀರು ಕುಡಿದೆ, ಗಡಿಯಾರ ಹೊತ್ತೆ, ಉಜ್ಜಿಸಿಕೊಂಡೆ, ಹಾಜರಿ ಹಾಕಲು ಹೋಗಿ ಕೂತೆ. ಹೊರಗೆ ಅವ್ವ ಮಿಕ್ಸಿ ಹಾಕಲಿಲ್ಲ. ಅಜ್ಜಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಆಗಾಗ ಕೆಮ್ಮುತ್ತಿದ್ದರು. ಆರೂಕಾಲಾಯಿತು. ಆರು ಇಪ್ಪತ್ತೈದಾಯಿತು. ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಆಗ, ಸರಿಯಾಗಿ ಆಗಲೇ, ಹೊಟ್ಟೆ ಮನಸ್ಸು ಮಾಡಿತು.

ಮುಂದಿನದು ಅವ್ವ ಹೇಳಿ ಗೊತ್ತಾದದ್ದು. ಬಂತು ಎಂದು ನಾನು ಒಳಗಿನಿಂದ ಕೂಗಿದ್ದೇ ತಡ, ಅಪ್ಪ ರಸ್ತೆಯ ಮಧ್ಯಕ್ಕೆ ಹೋಗಿ, ಎರಡೂ ನೀಲಿ ಕೈ ಎತ್ತಿ ನಿಂತರಂತೆ. ಕಂಡಕ್ಟರು ಇಳಿದು ಏನಾಯ್ತು ಗೌಡ್ರೇ ಎಂದು ಕೇಳಿದರಂತೆ. ನಮ್ಮ ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಮಗಳಿಗೆ ಪರೀಕ್ಷೆ, ಹತ್ತು ದಿನದಿಂದ ಹೊಟ್ಟೆ ಕಟ್ಟಿತ್ತು, ಈಗ ಬಿಟ್ಟಿದೆ, ಐದು ನಿಮಿಷ ಕೊಡಿ ಎಂದರಂತೆ. ಡ್ರೈವರು ಇಂಜಿನ್ ಆಫ್ ಮಾಡಿದರು. ಆ ಸದ್ದು ನಿಂತದ್ದು ಮಾತ್ರ ನನಗೂ ಕೇಳಿಸಿತು. ಅಷ್ಟೊಂದು ಜನ ಕಾಯುತ್ತಿರುವಾಗ ಆ ಕೆಲಸ ಮಾಡಿ ಮುಗಿಸಿದ್ದು ನನ್ನ ಜೀವನದ ದೊಡ್ಡ ಪರೀಕ್ಷೆ. ಕೆಮಿಸ್ಟ್ರಿ ಅದರ ಮುಂದೆ ಏನೂ ಅಲ್ಲ.

ಓಡಿ ಬಂದು ಬಸ್ಸು ಹತ್ತಿದಾಗ ಕಂಡಕ್ಟರು ಮರ್ಯಾದೆಯಿಂದಲೇ ಕೇಳಿದರು: "ಆಯ್ತಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ, ಗೇಟಿನ ಹತ್ತಿರದಿಂದ, ಅಜ್ಜಿ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು. "ಆಯ್ತು. ಚೆನ್ನಾಗೇ ಆಯ್ತು. ಹೊರಡಿ."

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಒಬ್ಬರು ಎದ್ದು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ವಸ್ತಾರೆಯಲ್ಲಿ ಆ ಮನೆ ಕಂಡಾಗ ನಾನೇ ಮೊದಲು ನಕ್ಕೆ, ಆಮೇಲೆ ಎಲ್ಲರೂ ನಕ್ಕರು. ಪರೀಕ್ಷೆಯ ಮೂರು ಗಂಟೆ ನನಗೊಂದು ಹೊಟ್ಟೆ ಇದೆ ಎಂಬುದೇ ನೆನಪಾಗಲಿಲ್ಲ.

ಎಣ್ಣೆಯಿಂದಲೇ ಆಯಿತೇ ಎಂದು ಈಗಲೂ ಕೇಳುವವರಿದ್ದಾರೆ. ಬಿಸಿನೀರು, ಒಂದೇ ಹೊತ್ತಿಗೆ ಕೂರುವುದು, ಅಜ್ಜಿಯ ಕೈ, ಶುಂಠಿ, ಮೇಲಿಂದ ಬಸ್ಸಿನ ಹಾರ್ನು, ಇಷ್ಟನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾವ ಪ್ರಯೋಗವೂ ಹೇಳಲಾರದು. ಕಲಿತವಳಾಗಿ ನಾನು ಹೇಳುವುದು ಇಷ್ಟೇ. ಅಕ್ಕ ಎಣ್ಣೆ ಎನ್ನುತ್ತಾಳೆ, ಅಪ್ಪ ಅಳತೆ ಎನ್ನುತ್ತಾರೆ.

ಫಲಿತಾಂಶ ಬಂತು, ಫಸ್ಟ್ ಕ್ಲಾಸ್. ಸರ್ಟಿಫಿಕೇಟು ಬಂದಿದೆ ಎಂದು ಕಾಲೇಜಿನಿಂದ ಫೋನು ಬಂದಾಗ ಅಜ್ಜಿ ತಾನೂ ಬರುತ್ತೇನೆ ಎಂದು ಹೊರಟರು. ಅದೇ ಆರೂವರೆ ಬಸ್ಸು, ಅದೇ ಕಂಡಕ್ಟರು. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ಸಹಿ ಹಾಕಿಸಿಕೊಂಡು ಕಾಗದವನ್ನು ಈಚೆ ಚಾಚಿದರು. ನಾನು ಅದನ್ನು ಹಾಗೇ ಅಜ್ಜಿಯ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಏನು ಬರೆದಿದೆ ಓದು ಎಂದರು. ಒಂದಕ್ಷರ ಬಿಡದೆ ಓದಿದೆ, ನನ್ನ ಹೆಸರು, ಕಾಲೇಜು, ದರ್ಜೆ, ಕೆಳಗಿನ ಸಹಿಯವರೆಗೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಕಾಗದವನ್ನು ಒಮ್ಮೆ ತಿರುಗಿಸಿ ಹಿಂದೆ ಏನಾದರೂ ಇದೆಯೋ ನೋಡಿ, ನನ್ನತ್ತ ಚಾಚಿದರು.

"ಓದಿದ್ದು ನೀನು, ಉಜ್ಜಿದ್ದು ನಾನು. ನನ್ ಹೆಸ್ರು ಎಲ್ಲಿ ಬರ್ದವ್ರೆ, ತೋರ್ಸು."