ಹೆಮ್ಮಿಗೆಯ ತೂಬಿನ ಮೇಲೆ ಚಿಕ್ಕಪ್ಪ

ಮನುಷ್ಯನ ತಲೆ ಕೆಡಿಸುವುದರಲ್ಲಿ ಪಟ್ಟಣವಾಸಕ್ಕೆ ಸಮನಾದುದು ಬೇರೊಂದಿಲ್ಲ. ನಮ್ಮ ಮನೆಯಲ್ಲಿ ಇದನ್ನು ಸರ್ವಾನುಮತದಿಂದ ಒಪ್ಪಲಾಗಿತ್ತು; ಒಪ್ಪಿದವರಲ್ಲಿ ಒಬ್ಬರೂ ಪಟ್ಟಣದಲ್ಲಿ ಒಂದು ವಾರ ಇದ್ದವರಲ್ಲ.

ಇದ್ದವರು ಚಿಕ್ಕಪ್ಪ ಒಬ್ಬರೇ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ, ವಠಾರದಲ್ಲಿ ಒಂಟಿ ಕೋಣೆ. ಗೋಡೆಯಾಚೆ ಯಾರೋ ತಮ್ಮನ್ನೇ ಆಡಿಕೊಳ್ಳುವುದು ಅವರಿಗೆ ಕೇಳಿಸತೊಡಗಿತು. ಆಚೆ ಕೋಣೆ ಖಾಲಿಯಿತ್ತು. ಅವರು ಗೋಡೆಗೆ ಉತ್ತರ ಕೊಡುವುದನ್ನು ವಠಾರದವರು ಮೂರು ತಿಂಗಳು ಕೇಳಿಸಿಕೊಂಡರು. ಏನಪ್ಪ ಎಂದು ಒಬ್ಬರೂ ವಿಚಾರಿಸಲಿಲ್ಲ. ಮಾಲೀಕರು ಮಾತ್ರ ಕೋಣೆ ಬಿಡಿ ಎಂದರು. ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿ, ಮಾತ್ರೆ ಬರೆಸಿಕೊಂಡು, ನಾನೂ ಅಜ್ಜಿಯೂ ಅವರನ್ನು ಹೆಮ್ಮಿಗೆಗೆ ಕರೆತಂದೆವು.

ಊರಲ್ಲಿ ನೀರುಗಂಟಿ ಕೆಲಸ ಸಿಕ್ಕಿತು. ನಾಲೆಯ ತೂಬು ಎತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು. ತನ್ನಷ್ಟಕ್ಕೆ ಮಾತಾಡಿಕೊಂಡು ಓಡಾಡಲು ಇದಕ್ಕಿಂತ ಘನವಾದ ಹುದ್ದೆಯನ್ನು ಸರ್ಕಾರ ಇನ್ನೂ ಸೃಷ್ಟಿಸಿಲ್ಲ. ಊರವರಂತೂ ಸುಮ್ಮನೆ ದಾಟಿಹೋಗುವವರಲ್ಲ.

"ಇವತ್ತು ಯಾರ್ ಬಂದವ್ರೆ?" ಎನ್ನುತ್ತಿದ್ದ ನಾಲೆಯ ಕೊನೆಯ ಗದ್ದೆಯ ರೈತ, ಚಿಕ್ಕಪ್ಪ ಆ ಹಳೆಯ ದನಿಗಳಿಗೆ ಉತ್ತರ ಕೊಡುವುದನ್ನು ಕಂಡಾಗ.

"ನಂಜನಗೂಡ್ನೋರು ಕಣ್ಲಾ."

"ನನ್ ಗದ್ದೆಗೂ ಒಸಿ ನೀರ್ ಬುಡಕ್ ಯೇಳು ಅವ್ರಿಗೆ."

ಚಿಕ್ಕಪ್ಪ ನಗುತ್ತಿದ್ದರು. ಆ ಸಂಜೆಗಳು, ಪೈರಿನ ಹಸಿ ವಾಸನೆ, ಕೆಸರುಗಾಲಲ್ಲಿ ಏರಿಯ ಮೇಲೆ ಕೂತು ಅವರು ಕಡ್ಲೆಕಾಯಿ ಬಿಡಿಸಿ ಕೊಡುತ್ತಿದ್ದುದು, ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಬರಬರುತ್ತಾ ನಂಜನಗೂಡಿನವರ ಭೇಟಿ ಕಡಿಮೆಯಾಯಿತು. ಕೆಟ್ಟಿದ್ದು ಪೇಟೆ ಗಾಳಿಗೆ, ಊರಿಗೆ ಬಂದ ಮೇಲೆ ಮಾತ್ರೆ ಯಾಕೆ ಎಂದು ಅಜ್ಜಿ ತೀರ್ಪಿತ್ತಳು. ದಿನಾ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಓದಿದ ನಾನೂ ತಲೆದೂಗಿದೆ. ಮಾತ್ರೆಯ ಪೊಟ್ಟಣ ರಾಗಿ ಡಬ್ಬದ ಹಿಂದೆ ಸೇರಿತು.

ಎರಡು ತಿಂಗಳಿಗೆ ಚಿಕ್ಕಪ್ಪ ತೂಬು ಮುಚ್ಚಿ ಅದರ ಮೇಲೆ ಕೂತರು. ನೀರಿಗೆ ವಿಷ ಹಾಕಿದ್ದಾರೆ, ಯಾರ ಗದ್ದೆಗೂ ಬಿಡುವುದಿಲ್ಲ ಎಂದರು. ಪೈರು ತೆನೆ ಕಟ್ಟುವ ಸಮಯ. ಎರಡನೆಯ ದಿನಕ್ಕೆ ಬೇರೆ ನೀರುಗಂಟಿಯನ್ನು ನೋಡುವ ಮಾತು ಬಂತು. ಆ ಕೆಲಸವೂ ಹೋದರೆ ಚಿಕ್ಕಪ್ಪನಿಗೆ ಉಳಿಯುವುದು ಮತ್ತೊಂದು ಒಂಟಿ ಕೋಣೆ. ಎಲ್ಲರಿಗಿಂತ ಮೊದಲು ಗದ್ದೆ ಒಣಗಿದ್ದ ಕೊನೆಯ ಗದ್ದೆಯವನೇ, ಇನ್ನೊಂದು ದಿನ ನೋಡೋಣ ಎಂದು ಊರವರನ್ನು ತಡೆದ.

ಅಜ್ಜಿ ಬುತ್ತಿ ತೆಗೆದುಕೊಂಡು ಹೋಗಿ ತೂಬಿನ ಪಕ್ಕ ಕೂತಳು. ನಾನು ಹಿಂದೆ ನಿಂತಿದ್ದೆ.

"ನೀನೂ ಅವ್ರ ಕಡೆನಾ, ಅವ್ವ?"

"ನಿನ್ ಕಡೆನೇ ಕಣಪ್ಪ. ಮಾತ್ರೆ ನಿಲ್ಸಿದ್ದು ನಾನು. ತಪ್ಪು ನಂದು."

ಅಜ್ಜಿ ತಪ್ಪೊಪ್ಪಿಕೊಂಡದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ. ಚಿಕ್ಕಪ್ಪ ಅವಳ ಕೈಯಿಂದ ಬುತ್ತಿ ತೆಗೆದುಕೊಂಡರು. ಆಮೇಲೆ ತೂಬು ಬಿಟ್ಟು ಎದ್ದರು.

ತಿ. ನರಸೀಪುರದಲ್ಲಿ ತೋರಿಸಿದೆವು. ಒಂಟಿತನಕ್ಕೆ ಕಾಯಿಲೆ ಹೆಚ್ಚಿರಬಹುದು, ಜನರ ನಡುವೆ ತಗ್ಗಿರಬಹುದು, ಹಾಗಂತ ಮಾತ್ರೆ ಬಿಡುವಂತಿಲ್ಲ ಎಂದರು ಡಾಕ್ಟರು. ಮಾತ್ರೆ ಮತ್ತೆ ಶುರುವಾಯಿತು. ಆ ಬೆಳೆ ಮುಗಿಯುವವರೆಗೆ ಕೊನೆಯ ಗದ್ದೆಯವನು ತೂಬು ನೋಡಿಕೊಂಡ. ಮುಂದಿನ ಬೆಳೆಗೆ ಚಿಕ್ಕಪ್ಪನೇ ನೀರುಗಂಟಿಯಾದರು.