ಕನಕಲಕ್ಷ್ಮಿಯ ಬೆಳ್ಳಿ ತಾಯಿತ

ಮೇಲೂರಿನ ಚಲಪತಿಯವರ ಮನೆಗೆ ಬಂದವರಿಗೆ ಹೊಸಿಲು ದಾಟುವುದಕ್ಕೇ ಕಾಲು ಗಂಟೆ ಹಿಡಿಯುತ್ತಿತ್ತು. ಬಾಗಿಲ ಮೇಲಿನ ಸ್ವಸ್ತಿಕದ ನಾಲ್ಕು ತೋಳುಗಳ ಅರ್ಥ, ರಂಗೋಲಿಯ ನಡುವಿನ ಚುಕ್ಕಿಯ ತತ್ವ, ಕಟ್ಟಿದ ನಿಂಬೆಹಣ್ಣಿನ ಒಳಗುಟ್ಟು, ಎಲ್ಲ ಹೇಳಿಯೇ ಅವರು ಒಳಗೆ ಬಿಡುತ್ತಿದ್ದದ್ದು. ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ‘ಪ್ರಾಚೀನ ಸಂಕೇತ ತಜ್ಞ’ ಎಂದು ಕಾರ್ಡು ಹೊಡೆಸಿದ್ದರು. ಚಿಂತಾಮಣಿಯ ಛತ್ರದಲ್ಲಿ ಒಮ್ಮೆ ಓಂಕಾರದ ವಿವರಣೆಗೆ ನಿಂತು ಇಡೀ ಪಂಕ್ತಿಯ ಸಾರು ಆರಿಸಿದ್ದರು.

ಭಾಷಣದ ಕೊನೆಯ ಉದಾಹರಣೆ ಯಾವಾಗಲೂ ಹೆಂಡತಿ ಕನಕಲಕ್ಷ್ಮಿಯ ಕೊರಳಿನ ತಾಯಿತ. ಮಾಂಗಲ್ಯದ ಪಕ್ಕ ಕರಿದಾರದಲ್ಲಿ ತೂಗುವ, ಕಿರುಬೆರಳ ಗೆಣ್ಣಿನಷ್ಟು ಬೆಳ್ಳಿ ಕೊಳವೆ; ಎರಡೂ ಬಾಯಿಗೆ ಅರಗು ಮೆತ್ತಿದ್ದು.

“ಬೆಳ್ಳಿ ಅಂದ್ರೆ ಚಂದ್ರ, ಚಂದ್ರ ಅಂದ್ರೆ ಮನಸ್ಸು. ಒಳಗಡೆ ತಾಮ್ರದ ತಗಡಲ್ಲಿ ಯಂತ್ರ ಇದೆ, ಇವಳ ತವರಿನ ಕಡೇದು. ಅಲ್ವೇನೇ?”

“ಹ್ಞೂಂ ರೀ,” ಎಂದು ಆಕೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಒಳಗೇನಿದೆ ಎಂದು ಚಲಪತಿ ಒಮ್ಮೆಯೂ ಕೇಳಿರಲಿಲ್ಲ. ಬಲ್ಲವರು ಕೇಳುತ್ತಾರೆಯೇ? ಪ್ರತಿ ಶ್ರಾವಣದಲ್ಲೂ ಒಂದು ದಿನ ಆಕೆ ಅದನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದರು. ಅದಕ್ಕೂ ಚಲಪತಿ ಒಂದು ಮುದ್ರೆಯ ಹೆಸರಿಟ್ಟಿದ್ದರು.

ಕಳೆದ ತಿಂಗಳು ಕನಕಲಕ್ಷ್ಮಿ ತೀರಿಕೊಂಡರು. ಅಂಗಳದಲ್ಲಿ ಕೊನೆಯ ನೀರು ಹಾಕುವಾಗ ಆಕೆಯ ಅಕ್ಕ ಅಮ್ಮಾಜಮ್ಮ ತಾಯಿತವನ್ನು ತಂಗಿಯ ಸೆರಗಿನೊಳಗೆ ಸರಿಸಿದರು.

“ಚಲಪತಪ್ಪಾ, ಇದು ಅವಳ ಜೊತೇಲೇ ಹೋಗ್ಲಿ. ಅವಳು ಬಾಯ್ಬಿಟ್ಟು ಕೇಳಿದ್ದು ಅದೊಂದೇ.”

“ಯಂತ್ರಾನ ಬೆಂಕಿಗೆ ಹಾಕೋ ಹಾಗಿಲ್ಲ ಅಕ್ಕಾ. ಶಾಸ್ತ್ರ ಗೊತ್ತಿಲ್ದೆ ಮಾತಾಡ್ಬೇಡಿ.”

ದುಃಖ ಅವರನ್ನೂ ಹಿಂಡುತ್ತಿತ್ತು. ಆದರೆ ಅವರಿಗೆ ಅಳುವುದಕ್ಕೆ ಬರುತ್ತಿದ್ದ ರೀತಿ ವಿವರಣೆಯೊಂದೇ. ನೆಂಟರು ಹೆಣದ ಸುತ್ತ ನಿಂತು ಹತ್ತು ನಿಮಿಷ ಯಂತ್ರತತ್ವ ಕೇಳಿದರು. ದಾರ ಕತ್ತರಿಸಿ ತಾಯಿತವನ್ನು ದೇವರ ಗೂಡಿನಲ್ಲಿಟ್ಟದ್ದಾಯಿತು. ಕನಕಲಕ್ಷ್ಮಿ ತಾಯಿತವಿಲ್ಲದ ಕೊರಳಲ್ಲಿ ಹೋದರು.

ತಿಥಿಯ ಅಡುಗೆಯವರು ಪಾತ್ರೆ ಸಾಗಿಸಿದ ಮರುದಿನ, ಆಕೆಯ ಹೆಸರಿನಲ್ಲಿ ಯಂತ್ರಕ್ಕೆ ಪೂಜೆ ಮಾಡೋಣವೆಂದು ಚಲಪತಿ ಅರಗು ಕಾಯಿಸಿ ತಾಯಿತದ ಬಾಯಿ ಬಿಡಿಸಿದರು. ಪಂಚೆಯ ಮೇಲೆ ಬಿದ್ದದ್ದು ತಗಡಲ್ಲ. ಒಣಶುಂಠಿಯ ಚೂರಿನ ಹಾಗೆ ಕಪ್ಪಗೆ ಮುರುಟಿದ್ದು ಏನೋ. ಅಂಗೈಯಲ್ಲಿಟ್ಟು ಅಮ್ಮಾಜಮ್ಮನಿಗೆ ತೋರಿಸಿದರು.

“ಯಾವ ಗಿಡದ ಬೇರಕ್ಕಾ ಇದು?”

“ಏಮಪ್ಪಾ, ಇಷ್ಟೆಲ್ಲ ಓದಿದೀಯ! ಹೊಕ್ಕುಳಬಳ್ಳಿ ಕಣಪ್ಪ. ನಿನ್ನ ಮಗಳದ್ದು.”

ಮಗಳೊಬ್ಬಳಿದ್ದಳು. ಮೂವತ್ತೈದು ವರ್ಷದ ಹಿಂದೆ, ಐವತ್ತೇ ದಿನ. ಉದುರಿದ ಹೊಕ್ಕುಳಬಳ್ಳಿಯನ್ನು ಒಣಗಿಸಿ, ಬೆಳ್ಳಿ ತಾಯಿತದಲ್ಲಿಟ್ಟು ಮಗುವಿನ ಉಡಿದಾರಕ್ಕೆ ಕಟ್ಟುವುದು ಈ ಕಡೆಯ ಅಜ್ಜಿಯರಿಗೆಲ್ಲ ಗೊತ್ತು; ತಜ್ಞರ ಭಾಷಣದಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ಮಗುವಿಗೆ ಹೆಸರೂ ಇಟ್ಟಿರಲಿಲ್ಲ. ತಂದೆ ಅರ್ಥಗರ್ಭಿತವಾದದ್ದೊಂದನ್ನು ಹುಡುಕುತ್ತಿದ್ದರು. ಜ್ವರ ಅಲ್ಲಿಯವರೆಗೆ ಕಾಯಲಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲ ಅಕ್ಕಾ?”

“ನೀನು ಅದಕ್ಕೂ ಅರ್ಥ ಹೇಳ್ತೀಯ ಅಂತ.”

ಸಂಜೆ ಇಬ್ಬರೂ ಊರಾಚೆ ನಡೆದರು. ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಹೊಂಗೆಮರದ ಬುಡಕ್ಕೆ ಒಂದು ಗುಂಡುಕಲ್ಲು. ಮಗುವನ್ನು ಹೂತು ಹೋದ ಮೇಲೆ ಚಲಪತಿ ಇತ್ತ ಕಾಲಿಟ್ಟಿರಲಿಲ್ಲ. ಕಲ್ಲಿನ ಮೇಲೆ ಕುಂಕುಮದಲ್ಲಿ ಅದ್ದಿದ ಮೂರು ಬೆರಳಿನ ಗುರುತು, ಮಾಸಿತ್ತು.

“ಅಕ್ಕಾ, ಈ ಮೂರು…”

“ಏನೂ ಇಲ್ಲಪ್ಪ. ಜಾಗ ಮರ್ತೋಗ್ಬಾರ್ದು ಅಂತ ಅವಳು ವರ್ಷ ವರ್ಷಾನೂ ಬಂದು ಹಾಕೋಳು.”

ಚಲಪತಿ ಕೈಯಲ್ಲೇ ಮಣ್ಣು ಬಗೆದು, ಬಳ್ಳಿಯನ್ನು ಮತ್ತೆ ಬೆಳ್ಳಿಯೊಳಗೆ ತೂರಿಸಿ ಅಲ್ಲೇ ಹೂತಿಟ್ಟರು. “ಅವಳ ಬೂದಿ ಹೊಳೆಗೆ ಬಿಟ್ಟಾಯ್ತಲ್ಲ. ಇದು ಅವಳಿಗೆ ಹೆಂಗಕ್ಕಾ ಸೇರುತ್ತೆ?”

ಅಮ್ಮಾಜಮ್ಮ ಮನೆಯಿಂದ ತಂದಿದ್ದ ಕುಂಕುಮದ ಭರಣಿ ಚಾಚಿದರು. ಚಲಪತಿ ಮೂರು ಬೆರಳು ಅದ್ದಿ ಕಲ್ಲಿಗೆ ಒತ್ತಿದರು. ಗುರುತು ಕದಡಿತು.

“ಸರಿಯಾಗಿ ಬಿತ್ತಾ ಅಕ್ಕಾ?”

“ಹ್ಞೂಂ,” ಎಂದರು ಅಮ್ಮಾಜಮ್ಮ, ಥೇಟ್ ತಂಗಿಯ ಹಾಗೆ.