ಜುಂಜಮ್ಮ ಬರೆಸಿದ ಎರಡನೇ ಕಲಮು

ಜುಂಜಮ್ಮ ಗ್ರಾಮ ಪಂಚಾಯತಿ ಸದಸ್ಯೆಯಾಗಿದ್ದ ಆರು ವರ್ಷಗಳಲ್ಲಿ ಆಕೆ ಕುರ್ಚಿಯ ಮೇಲೆ ಕೂತದ್ದನ್ನು ನಾನು ಕಂಡದ್ದು ಎರಡೇ ಸಲ. ಸಭೆ ಶುರುವಾದರೆ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಲ್ಲುತ್ತಿದ್ದಳು. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಬೇವಿನ ಮರವನ್ನು ಒಂದು ಸುತ್ತು ಹಾಕಿ ಬರುತ್ತಿದ್ದಳು.

"ಏನವ್ವಾ, ಕುರ್ಚೀಗೆ ಮುಳ್ಳು ಐತಾ?" ಎಂದು ಅಧ್ಯಕ್ಷ ಮುರುಗೇಂದ್ರಪ್ಪ ಕೇಳಿದರೆ, "ನೀವು ಮಾತಾಡ್ರಿ, ನಂಗೆ ನಿಂತ್ರೇನೇ ಕಿವಿ ಕೇಳ್ಸೋದು" ಅನ್ನುತ್ತಿದ್ದಳು.

ನಾನು ಆ ಪಂಚಾಯತಿಯ ಕಾರ್ಯದರ್ಶಿ. ಊರು ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಒಳಗಿದೆ. ಜುಂಜಮ್ಮನದು ಊರಿನಿಂದ ಆಚೆ, ದನ ಮೇಯುವ ಕಾವಲಿನ ಅಂಚಿನಲ್ಲಿರುವ ಕರೇಕಲ್ಲಹಟ್ಟಿ, ಅರವತ್ತೆರಡು ಮನೆ. ಊರ ಪಂಪುಮನೆಯಿಂದ ಹಟ್ಟಿಗೆ ಒಂದು ಪೈಪು ಹೋಗುತ್ತದೆ. ಅದರ ಉದ್ದ ಮೂರು ಸಾವಿರದ ಎಂಟುನೂರು ಮೀಟರು, ನಡುವೆ ಒಂಬತ್ತು ವಾಲ್ವುಗಳು. ನೀರುಗಂಟಿ ಪಾತಣ್ಣ ಬೆಳಿಗ್ಗೆ ಏಳಕ್ಕೆ ಮೋಟಾರು ಹಾಕಿ, ಒಂದೊಂದೇ ವಾಲ್ವು ತಿರುಗಿಸುತ್ತ ನಡೆಯುತ್ತಿದ್ದ. ಹಟ್ಟಿಗೆ ನೀರು ಸಿಗುತ್ತಿದ್ದುದು ಕೊನೆಗೆ, ಇಪ್ಪತ್ತೈದು ನಿಮಿಷ. ಹಟ್ಟಿಯಲ್ಲಿ ಬಾವಿಯಿಲ್ಲ. ಇರುವ ಒಂದು ಕೈಪಂಪಿನ ನೀರು ಉಪ್ಪು.

ಪಂಚಾಯತಿಯ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹೊಸ ವರ್ಷದ ಬಜೆಟ್ಟಿಗೆ ಸದಸ್ಯರು ಕೈ ಎತ್ತದಿದ್ದರೆ ನಾನು ಏಪ್ರಿಲ್ ಒಂದರಿಂದ ಯಾವುದಕ್ಕೂ ಸಹಿ ಹಾಕುವಂತಿರಲಿಲ್ಲ. ನೀರುಗಂಟಿಯ ಕೂಲಿಗೂ ಇಲ್ಲ, ಮೋಟಾರಿನ ಕರೆಂಟಿಗೂ ಇಲ್ಲ. ೧೯೯೬ರಲ್ಲಿ ಹಾಗೆಯೇ ಆಯಿತು. ಹನ್ನೆರಡು ದಿನ ಪಂಪುಮನೆಗೆ ಬೀಗ. ಊರಿನವರು ಬಾವಿಗಳಿಂದ ಸುಧಾರಿಸಿಕೊಂಡರು. ಹಟ್ಟಿಯ ಹೆಂಗಸರು ಎರಡೂವರೆ ಕಿಲೋಮೀಟರು ದೂರದ ತೋಟವೊಂದಕ್ಕೆ ಕೊಡ ಹೊತ್ತು ನಡೆದರು. ಆ ಬೀಗ ಹಾಕಿದ ಕೈ ನನ್ನದು.

೧೯೯೭ರಲ್ಲಿ ಜಗಳ ಇನ್ನೂ ಬಿಗಿಯಾಗಿತ್ತು. ಆ ವರ್ಷ ಮೋಟಾರಿನ ಸಮೇತ ಒಂದೇ ಒಂದು ಹೊಸ ಕೊಳವೆಬಾವಿಗೆ ಅವಕಾಶವಿತ್ತು. ಮುರುಗೇಂದ್ರಪ್ಪನಿಗೆ ಅದು ಊರಿನ ಹೊಸ ಬಡಾವಣೆಗೆ ಬೇಕು. ಅವನ ಎದುರಾಳಿ ಚಿಕ್ಕಬಸಪ್ಪ ಅದನ್ನು ಕರೇಕಲ್ಲಹಟ್ಟಿಗೆ ಕೊಡಿಸುತ್ತೇನೆಂದು ಜುಂಜಮ್ಮನಿಗೆ ಮಾತು ಕೊಟ್ಟಿದ್ದ. ಒಟ್ಟು ಹನ್ನೊಂದು ಮಂದಿ ಸದಸ್ಯರು. ಅತ್ತ ಐವರು, ಇತ್ತ ಐವರು, ನಡುವೆ ಜುಂಜಮ್ಮ. ಆದರೆ ಆಕೆ ಕೈ ಎತ್ತಿದರೂ ಸಾಲದು. ಸಭೆ ಕರೆಯುವವನು ಅಧ್ಯಕ್ಷ, ಮತ್ತು ಅವನು ಬೋರಿನ ವಿಷಯವನ್ನು ಮತಕ್ಕೇ ಹಾಕುತ್ತಿರಲಿಲ್ಲ.

"ಸುಮ್ನಿರು ಜುಂಜಮ್ಮಾ," ಎಂದ ಚಿಕ್ಕಬಸಪ್ಪ, ಮಾರ್ಚ್ ಮೂರನೇ ವಾರದಲ್ಲಿ, ಕಚೇರಿಯ ಅಂಗಳದಲ್ಲಿ. "ಒಂದನೇ ತಾರೀಖು ಮೋಟ್ರು ನಿಲ್ಲಲಿ. ಬಡಾವಣೆಯೋರು ಬಂದು ಅಧ್ಯಕ್ಷನ ಕೊಳ್ಳಪಟ್ಟಿ ಹಿಡೀತಾರೆ. ಅವನೇ ನಿನ್ನ ಬೋರು ತಂದು ಹಟ್ಟಿ ಬಾಗ್ಲಲ್ಲಿ ಇಡ್ತಾನೆ."

"ಬಡಾವಣೆಯೋರು ಕೊಳ್ಳಪಟ್ಟಿ ಹಿಡಿಯೋದು ಯಾವಾಗ?"

"ಒಂದು ಹದಿನೈದು ದಿನ ಆಗ್ಲಿ."

"ಹದಿನೈದು ದಿನ ನಿಮ್ಮನೇಗೆ ನೀರು ಯಾರು ಹೊರ್ತಾರೆ? ನಮ್ಮ ಸೊಸೇರು ಬರ್ಲಾ?"

ಚಿಕ್ಕಬಸಪ್ಪ ನಕ್ಕ. ಜುಂಜಮ್ಮ ನಗಲಿಲ್ಲ. ಅಂದು ಬೇವಿನ ಮರವನ್ನು ಸುತ್ತುವುದು ನಿಲ್ಲಲೇ ಇಲ್ಲ. ಮೋಟಾರು ನಿಂತರೆ ಬೋರು ಸಿಗಬಹುದು. ಮೋಟಾರು ನಿಲ್ಲದಂತೆ ನೋಡಿಕೊಂಡರೆ ಬೋರು ಕೇಳಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಕೆಯನ್ನು ಕೊರೆಯುತ್ತಿದ್ದುದು ಇದೇ.

ಜುಂಜಮ್ಮನ ತಂದೆ ದೊಡ್ಡಪಾಲಯ್ಯ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ಎತ್ತುಗಳು ಯಾರೊಬ್ಬರ ಸೊತ್ತೂ ಅಲ್ಲ. ಮೂರು ಹಟ್ಟಿಗಳು ಸೇರಿ ಸಾಕುತ್ತವೆ. ಯಾವ ಹಟ್ಟಿ ಎಷ್ಟು ಮೇವು ಕೊಡಬೇಕೆಂದು ಯಜಮಾನರು ವರ್ಷಕ್ಕೊಮ್ಮೆ ಕೂತು ತೀರ್ಮಾನಿಸುತ್ತಾರೆ. ಆ ಮಾತುಕತೆಯಲ್ಲೂ ಜಗಳವಾಗುವುದುಂಟು. ಆಗ ಹಿಂದಿನ ವರ್ಷ ಯಾರು ಎಷ್ಟು ಕೊಟ್ಟಿದ್ದರೋ ಅಷ್ಟನ್ನೇ ಮುಂದುವರಿಸುತ್ತಾರೆ.

ಮಾರ್ಚ್ ಇಪ್ಪತ್ತೈದರಂದು ಜುಂಜಮ್ಮ ಇದನ್ನು ನನಗೆ ಹೇಳಿದಳು.

"ಎತ್ತಿನ ಮೇವು ನಿಲ್ಸಿ ಯಾರಾದ್ರೂ ಜಗಳ ಆಡ್ತಾರೇನ್ರಿ? ಹಂಗೇ ಬರೀರಿ. ಬಜೆಟ್ಟು ಆಗೋತನಕ ಹೋದ ವರ್ಷದ್ದೇ ನಡೀಲಿ. ಮೋಟ್ರು ನಿಲ್ಬಾರ್ದು, ದೀಪ ಆರ್ಬಾರ್ದು."

ನಾನು ಬರೆದೆ. ಬಜೆಟ್ ಮಂಜೂರಾಗದಿದ್ದಲ್ಲಿ, ಹಿಂದಿನ ವರ್ಷದ ಮೊತ್ತದ ಹನ್ನೆರಡನೇ ಒಂದು ಭಾಗವನ್ನು ಪ್ರತಿ ತಿಂಗಳು ನೀರು, ದೀಪ ಮತ್ತು ಕೂಲಿಗೆ ಬಳಸತಕ್ಕದ್ದು. ಓದಿ ಹೇಳಿದೆ. "ಸರಿ ಐತೆ" ಎಂದಳು.

ಮರುದಿನ ಸಭೆಯಲ್ಲಿ ಅದನ್ನು ಓದಿದಾಗ ಚಿಕ್ಕಬಸಪ್ಪನ ಮುಖ ಕಪ್ಪಿಟ್ಟಿತು. ಮುರುಗೇಂದ್ರಪ್ಪ ಮಾತ್ರ ಮೇಜು ಕುಟ್ಟಿದ.

"ನೋಡ್ರಿ, ಇದು ಮಾತು! ಹೆಣ್ಮಗಳು ಎಷ್ಟು ಚೆನ್ನಾಗಿ ಯೋಚ್ನೆ ಮಾಡವ್ಳೆ. ನಮ್ಮೈದೂ ಜನ ಒಪ್ತೀವಿ. ನಾಡಿದ್ದೇ ಪಾಸ್ ಮಾಡಾಣ."

ಜುಂಜಮ್ಮ ಸಭೆ ಮುಗಿಯುವ ಮೊದಲೇ ಹೊರಟುಹೋದಳು. ಸಂಜೆ ಆರಕ್ಕೆ ನಾನು ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಮತ್ತೆ ಬಂದಳು. ಹಟ್ಟಿಗೆ ಹೋಗಿ ಅಲ್ಲಿಂದ ತಿರುಗಿ ಬಂದಿದ್ದಾಳೆಂದು ಸೀರೆಯ ಅಂಚಿನ ಕೆಂಧೂಳು ನೋಡಿದರೆ ತಿಳಿಯುತ್ತಿತ್ತು.

"ಅಧ್ಯಕ್ಷ ಇಷ್ಟು ಜಲ್ದಿ ಯಾಕ್ ಒಪ್ಪಿದ, ಹೇಳ್ರಿ."

ನಾನು ಬಿಡಿಸಿ ಹೇಳಿದೆ. ಹೋದ ವರ್ಷದ ಬಜೆಟ್ಟಿನಲ್ಲಿ ಹಟ್ಟಿಯ ಬೋರು ಇರಲಿಲ್ಲ. ಅದೇ ಮುಂದುವರಿದರೆ ನೀರು ಬರುತ್ತದೆ, ದೀಪ ಉರಿಯುತ್ತದೆ, ಯಾರೂ ಗಲಾಟೆ ಮಾಡುವುದಿಲ್ಲ. ಮುರುಗೇಂದ್ರಪ್ಪ ವರ್ಷಪೂರ್ತಿ ಬೋರಿನ ಸಭೆಯನ್ನೇ ಕರೆಯದೆ ಇರಬಹುದು.

"ಅಯ್ಯೋ, ನಮ್ಮಪ್ಪನೂ ಅದೇ ಅಂದ. 'ಯಜಮಾನ್ರ ಕಾಲಿಗೆ ಏನು ಹಾಕ್ದೆ?' ಅಂತ ಕೇಳ್ದ. ಆಗ ಹೊಳೀತು."

"ಕಾಲಿಗಾ?"

"ಮೇವು ಹಳೇದೇ ನಡೀತೈತೆ ಅಂತ ನಾನು ಅಂದ್ನಲ್ಲ? ಆದ್ರೆ ಜಗಳ ಮುಗಿಯೋತನಕ ಕಿಲಾರಿ ಜೊತೆ ಆ ಯಜಮಾನ್ರೂ ಎತ್ತಿನ ಹಿಂದೆ ನಡೀಬೇಕು. ಬೆಳಿಗ್ಗೆಯಿಂದ ಹೊತ್ತು ಮುಳುಗೋತನಕ. ನಾನು ಕಂಡಂಗೆ ಮೂರು ದಿನದ ಮೇಲೆ ಯಾರೂ ನಡ್ದಿಲ್ಲ."

"ಇದನ್ನು ನೀವು ಹೇಳಲೇ ಇಲ್ಲವಲ್ಲ, ಜುಂಜಮ್ಮ."

"ಅದನ್ನ ಬೇರೆ ಹೇಳ್ಬೇಕೇನ್ರಿ?" ಎಂದು ಆಕೆ ನನ್ನನ್ನೇ ನೋಡಿದಳು. ಹಟ್ಟಿಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಂತೆ. ಮೊದಲ ಅರ್ಧ ಹೇಳಿದರೆ ಎರಡನೆಯದು ಎಲ್ಲರಿಗೂ ಗೊತ್ತೇ ಇರುತ್ತದೆ. ಕೇಳಿ ತಿಳಿದುಕೊಳ್ಳಬೇಕಾದವನು ನಾನಾಗಿದ್ದೆ; ಕೇಳಿರಲಿಲ್ಲ.

ನಿಂತಲ್ಲೇ ಎರಡನೇ ಕಲಮು ಬರೆದೆವು. ಎತ್ತಿನ ಬದಲು ನೀರು. ಬಜೆಟ್ ಮಂಜೂರಾಗುವವರೆಗೆ ಎಲ್ಲ ಸದಸ್ಯರೂ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಪಂಪುಮನೆಯಲ್ಲಿ ಸೇರಿ, ನೀರುಗಂಟಿಯೊಂದಿಗೆ ಒಂಬತ್ತನೇ ವಾಲ್ವಿನವರೆಗೆ ನಡೆದು, ಅಲ್ಲಿಯೇ ಬಜೆಟ್ ಸಭೆ ನಡೆಸತಕ್ಕದ್ದು. ಬಾರದವರ ಹೆಸರನ್ನು ಪಂಪುಮನೆಯ ಗೋಡೆಯ ಮೇಲೆ ಬರೆಯತಕ್ಕದ್ದು.

ಇಪ್ಪತ್ತೆಂಟರ ಸಭೆಗೆ ಹಟ್ಟಿಯಿಂದ ಮೂವತ್ತಕ್ಕೂ ಹೆಚ್ಚು ಹೆಂಗಸರು ಬಂದು ಅಂಗಳದಲ್ಲಿ ನಿಂತರು. ಎರಡನೇ ಕಲಮು ಕೇಳಿ ಮುರುಗೇಂದ್ರಪ್ಪ ಕಿಟಕಿಯತ್ತ ನೋಡಿದ. ಹಿಂದಿನ ಸಭೆಯಲ್ಲಿ ಮೇಜು ಕುಟ್ಟಿದ್ದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

"ನಡಿಯೋದು ತಾನೆ?" ಎಂದು ನಕ್ಕ. "ಶುಗರ್ರಿಗೆ ಡಾಕ್ಟ್ರೂ ಅದನ್ನೇ ಹೇಳವ್ರೆ. ಬರಕಳ್ರಿ." ಅದು ಎರಡು ದಿನದ ಆಟವೆಂದು ಅವನು ತಿಳಿದಿದ್ದ. ಅವನ ಐವರು, ಜುಂಜಮ್ಮ ಒಬ್ಬಳು, ಎರಡೂ ಕಲಮಿಗೆ ಆರು ಕೈ ಎದ್ದವು. ಚಿಕ್ಕಬಸಪ್ಪ ಹೊರಗೆ ಬಂದು, "ಕೈಯಾಗಿದ್ದ ಕುಡುಗೋಲ ನೀನೇ ಅವನಿಗೆ ಕೊಟ್ಟೆ. ಇನ್ನು ಬೋರು ಕೇಳ್ಬೇಡ ನನ್ನ" ಎಂದ.

ಏಪ್ರಿಲ್ ಒಂದರಂದು ಏಳು ಗಂಟೆಗೆ ಪಾತಣ್ಣ ಮೋಟಾರು ಹಾಕಿದ. ಹನ್ನೊಂದು ಜನರೂ ಬಂದಿದ್ದರು, ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಬಟ್ಟೆ ತೊಟ್ಟು. ಎರಡನೆಯ ದಿನ ಎಂಟು ಜನ. ಮೂರನೆಯ ದಿನ ಏಳು. ನಾನು ಬಾರದವರ ಹೆಸರು ಇದ್ದಿಲಲ್ಲಿ ಗೋಡೆಯ ಮೇಲೆ ಬರೆದೆ. ನೀರಿಗೆ ಬಂದ ಹೆಂಗಸರು ಅದನ್ನು ಒಬ್ಬರಿಗೊಬ್ಬರು ಓದಿ ಹೇಳಿಕೊಂಡರು. ಐದನೆಯ ದಿನ ಮತ್ತೆ ಹನ್ನೊಂದು ಜನ.

ವಾಪಸು ಬರುವಾಗ ಬಿಸಿಲು ಏರಿರುತ್ತಿತ್ತು. ನನ್ನ ಬಳಿ ಕಾಲೇಜಿನ ದಿನಗಳ ಒಂದು ಥರ್ಮಾಮೀಟರ್ ಇತ್ತು; ಒಂಬತ್ತೂವರೆಗೆ ನೆರಳಿನಲ್ಲಿ ಮೂವತ್ತಾರು ತೋರಿಸುತ್ತಿತ್ತು. ನೆರಳು ಎಂದರೆ ಎಂಟನೇ ವಾಲ್ವಿನ ಬಳಿಯ ಒಂದು ಜಾಲಿ ಮರ. ಆರನೆಯ ದಿನ ಮುರುಗೇಂದ್ರಪ್ಪನ ಚಪ್ಪಲಿಯ ಉಂಗುಟ ಕಿತ್ತುಹೋಯಿತು.

"ಪಾತಣ್ಣಾ, ನಿನ್ನ ಚಪ್ಪಲಿ ಕೊಡ್ಲೇ."

"ಕೊಡ್ತೀನ್ರಿ. ವಾಲ್ವಿನ ಚಾವಿನೂ ಹಿಡ್ಕಳ್ರಿ. ಇನ್ನೊಂದ್ ವಾರಕ್ಕೆ ನನ್ ಕೆಲ್ಸ ಪೂರ್ತಿ ಕಲ್ತಂಗಾತದೆ."

ಎಲ್ಲರೂ ನಕ್ಕರು, ಚಿಕ್ಕಬಸಪ್ಪನೂ. ಜುಂಜಮ್ಮ ಎಲ್ಲರಿಗಿಂತ ಐವತ್ತು ಹೆಜ್ಜೆ ಮುಂದಿರುತ್ತಿದ್ದಳು. ನಿಂತು ಕಾಯುವಳು, ಜನ ಹತ್ತಿರ ಬಂದರೆ ಮತ್ತೆ ಹೊರಡುವಳು. ಒಂಬತ್ತನೇ ವಾಲ್ವಿನಲ್ಲಿ ದಿನವೂ ಸಭೆ ನಡೆಯಿತು; ಎರಡು ಕಡೆಯವರೂ ಪಟ್ಟು ಬಿಡಲಿಲ್ಲ, ಮುರುಗೇಂದ್ರಪ್ಪ ಬೋರಿನ ಪ್ರಶ್ನೆಯನ್ನು ಮತಕ್ಕೆ ಹಾಕದೆ ದಿನವೂ ನಾಳೆಗೆ ಮುಂದೂಡಿದ. ಹಟ್ಟಿಯವರು ಸಾಲಾಗಿ ಕೊಡ ಇಟ್ಟು ಕಾದರು. ನೀರು ಬಂದು ಇಪ್ಪತ್ತೈದು ನಿಮಿಷಕ್ಕೆ ನಿಲ್ಲುತ್ತಿದ್ದುದನ್ನು, ಆಮೇಲೆ ಸಾಲಿನಲ್ಲಿ ಖಾಲಿ ಉಳಿಯುತ್ತಿದ್ದ ಕೊಡಗಳನ್ನು ಸದಸ್ಯರು ದಿನವೂ ನೋಡಿದರು.

ಒಂಬತ್ತನೆಯ ದಿನ ವಾಪಸು ಬರುವಾಗ ಆರನೇ ವಾಲ್ವಿನ ಬಳಿ ಮುರುಗೇಂದ್ರಪ್ಪ ಕಲ್ಲಿನ ಮೇಲೆ ಕೂತುಬಿಟ್ಟ. ಅದು ಸರ್ಕಾರಿ ಕಾವಲು, ಯಾರ ಹೊಲವೂ ಅಲ್ಲ. ಅಲ್ಲಿಂದ ಒಂದು ಕಡೆ ಬಡಾವಣೆಯ ಮನೆಗಳು ಕಾಣುತ್ತವೆ, ಇನ್ನೊಂದು ಕಡೆ ಹಟ್ಟಿ.

"ಬೋರು ಇಲ್ಲೇ ಹೊಡಿಯಾಣ," ಎಂದ. "ಈ ಕಡೆ ಬಡಾವಣೆ, ಆ ಕಡೆ ಹಟ್ಟಿ. ಎರಡಕ್ಕೂ ತಳ್ಳಾಣ. ಇದಕ್ಕಿಂತ ನಾನು ಒಂದು ಗೇಣೂ ಮುಂದೆ ಬರಲ್ಲ. ಒಪ್ಪಿದ್ರೆ ಇಲ್ಲೇ ಕೈ ಎತ್ರಿ."

ಚಿಕ್ಕಬಸಪ್ಪನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಒಪ್ಪುವಂತೆ ಕಂಡರು. ಚಿಕ್ಕಬಸಪ್ಪ ಜುಂಜಮ್ಮನತ್ತ ತಿರುಗಿದ. "ನಿನ್ನ ಹಟ್ಟಿ ಮಾತು. ನೀನು ಎತ್ತಿದ್ರೆ ನಾವೂ ಎತ್ತೀವಿ. ಇಲ್ಲ ಅಂದ್ರೆ ನಾಳೆನೂ ನಡಿಯಾಣ."

ಆಕೆ ನನ್ನ ಬಳಿ ಬಂದಳು.

"ಇಲ್ಲಿಂದ ಬಂದ್ರೆ ನಮಗೆ ಎಷ್ಟು ಹೊತ್ತು ನೀರು?"

ನಾನು ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. "ಬೋರಿನಲ್ಲಿ ಎರಡು ಇಂಚು ನೀರು ಸಿಕ್ಕರೆ ಒಂದು ಗಂಟೆ. ಒಂದೇ ಇಂಚು ಸಿಕ್ಕರೆ ನಲವತ್ತು ನಿಮಿಷ. ಏನೂ ಸಿಗದಿದ್ದರೆ ಈಗಿನಷ್ಟೇ. ಯಾವುದು ಸಿಗುತ್ತದೆ ಅಂತ ನಾನು ಹೇಳಲಾರೆ."

"ಹಟ್ಟೀಲಿ ಹೊಡೆದ್ರೂ ಏನೂ ಸಿಗ್ದೇ ಇರಬೋದಾ?"

"ಇರಬಹುದು."

ಜುಂಜಮ್ಮ ಸ್ವಲ್ಪ ದೂರ ನಡೆದು ಹೋದಳು, ತಿರುಗಿ ಬಂದಳು, ಇನ್ನೊಮ್ಮೆ ಹೋದಳು. ಹತ್ತು ಜನ ಬಿಸಿಲಿನಲ್ಲಿ ಕಾದರು. ಮೂರನೆಯ ಸಲ ಬಂದವಳು ನಿಂತು ಕೈ ಎತ್ತಿದಳು. ನಾನು ಕಲ್ಲಿನ ಮೇಲೆ ಪುಸ್ತಕ ಇಟ್ಟು ಹನ್ನೊಂದೂ ಸಹಿ ಮಾಡಿಸಿಕೊಂಡೆ, ಹತ್ತು ಅಕ್ಷರದಲ್ಲಿ, ಒಂದು ಹೆಬ್ಬೆಟ್ಟು.

ಹಟ್ಟಿಗೆ ಸುದ್ದಿ ಹೇಳಲು ಆಕೆಯೊಂದಿಗೆ ನಾನೂ ಹೋದೆ. ಕೊಳಾಯಿಯ ಬಳಿ ಆಕೆಯ ವಾರಗಿತ್ತಿ ರಂಗಕ್ಕ ಇದ್ದಳು.

"ಬೋರು ಎಲ್ಲಿ ಹೊಡಿತಾರಂತೆ?"

"ಆರನೇ ವಾಲ್ವು ತಾವ."

"ನಮ್ಮ ಹಟ್ಟೀಗೆ ಅಂದಿದ್ಯಲ್ಲ?"

"ಅಂದಿದ್ದೆ."

"ಮತ್ತೆ?"

"ಮತ್ತೇನಿಲ್ಲ. ನಾಳೆನೂ ನೀರು ಬರ್ತೈತೆ," ಎಂದು ಜುಂಜಮ್ಮ ಮನೆಯ ಕಡೆ ಹೊರಟಳು. ರಂಗಕ್ಕ ಹಿಂದಿನಿಂದ ಏನೋ ಅಂದಳು. ಅದು ಒಳ್ಳೆಯ ಮಾತಾಗಿರಲಿಲ್ಲ.

ಬೋರಿನಲ್ಲಿ ಒಂದೂಕಾಲು ಇಂಚು ಸಿಕ್ಕಿತು. ನಾನು ನಿಂತು ಗಡಿಯಾರ ನೋಡಿದ ದಿನ ಹಟ್ಟಿಗೆ ನಲವತ್ತಾರು ನಿಮಿಷ ನೀರು ಬಂತು. ಮುಂದಿನ ಎರಡು ವರ್ಷ ಸದಸ್ಯರು ಮಾರ್ಚ್ ಇಪ್ಪತ್ತರೊಳಗೆ ತಾವಾಗಿಯೇ ಬಜೆಟ್ ಮುಗಿಸಿದರು. ಮೋಟಾರು ಎರಡು ಸಲ ಸುಟ್ಟು ನಿಂತಿತು, ಕರೆಂಟಿಲ್ಲದೆ ಎಷ್ಟೋ ಸಲ ನಿಂತಿತು. ಬಜೆಟ್ಟಿಗಾಗಿ ನಿಲ್ಲಲಿಲ್ಲ. ೨೦೦೦ದ ಚುನಾವಣೆಯಲ್ಲಿ ಜುಂಜಮ್ಮ ಹದಿನಾಲ್ಕು ಮತಗಳಿಂದ ಸೋತಳು. ಬಾಗಿಲಿಗೆ ಬಂದ ಬೋರನ್ನು ದಾರಿಯಲ್ಲಿ ಬಿಟ್ಟು ಬಂದವಳು ಎಂದು ಹಟ್ಟಿಯಲ್ಲೇ ಆಡಿಕೊಂಡರು.

ಮರುವರ್ಷ ಮಾರ್ಚ್ ಮೊದಲ ವಾರದಲ್ಲಿ ಆಕೆ ಕಚೇರಿಯ ಮುಂದೆ ರಸ್ತೆಯಲ್ಲೇ ನಿಂತು ನನ್ನನ್ನು ಕೂಗಿದಳು.

"ಬಜೆಟ್ ಮೀಟಿಂಗು ಯಾವತ್ತು ಇಟ್ಟವ್ರೆ?"

"ಇಪ್ಪತ್ತಾರಕ್ಕೆ."

"ಇಪ್ಪತ್ತಾರಾ? ಏನ್ರಿ ಇಷ್ಟು ತಡ! ಹೊಸಬ್ರಿಗೆ ಎರಡನೇ ಕಲಮು ಓದಿ ಹೇಳಿದ್ದೀರಾ ಇಲ್ವಾ?"

ಇನ್ನೂ ಇಲ್ಲ ಎಂದೆ. ಒಳಗೆ ಬಂದು ಚಹಾ ಕುಡಿಯಿರಿ ಎನ್ನುವಷ್ಟರಲ್ಲಿ ಆಕೆ ಹೊಸ ಅಧ್ಯಕ್ಷರ ಮನೆಯ ಕಡೆ ಅರ್ಧ ದಾರಿ ಹೋಗಿದ್ದಳು.